ಕಳ್ಳ ಬಂದ ಮಧ್ಯಾಹ್ನ

ಶುಕ್ರವಾರ, ಅಡುಗೆ ಮುಗಿಸಿ ಕೂತು

ನನ್ನ ಬಂಗಾರಿಗೆ,

ನಿನಗೂ ಮಗುವಿಗೂ ಅಮ್ಮನ ಮುತ್ತುಗಳು. ಉತ್ತರ ತಡವಾಯಿತು, ಮೂತಿ ಊದಿಸಿಕೊಳ್ಳಬೇಡ. ನಿಮ್ಮ ಬೀದಿಯ ಮನೆಗಳಿಗೆ ಕನ್ನ ಬಿತ್ತು, ಅಪ್ಪನ ಬಂದೂಕು ನನ್ನ ಹೆಸರಿಗೆ ಮಾಡಿಸಿ ಕೊಟ್ಟರೆ ಧೈರ್ಯವಾಗಿ ಮಲಗುತ್ತೇನೆ ಎಂದು ಬರೆದಿದ್ದೀಯ. ನುಗ್ಗಿದವನ ಮೇಲೆ ಯಾವಾಗ ಗುಂಡು ಹಾರಿಸಿದರೆ ತಪ್ಪಲ್ಲ, ಅಪ್ಪನನ್ನು ಕೇಳಿ ಹೇಳು ಎಂದೂ ಬರೆದಿದ್ದೀಯ. ಜಿರಳೆ ಕಂಡರೆ ಮಂಚ ಹತ್ತುವವಳು ನೀನು. ಓದಿ ಮೊದಲು ನಗು ಬಂತು, ಆಮೇಲೆ ಕಾಗದ ಹಿಡಿದು ನಿಮ್ಮಪ್ಪನ ಹತ್ತಿರ ಹೋದೆ.

ಕೇಳಿದೆ. ಅಷ್ಟು ವರ್ಷ ಬ್ಯಾಂಕಿನ ಬಾಗಿಲು ಕಾದವರಲ್ಲವೇ, ನಿಮ್ಮಪ್ಪ ಪೇಪರ್ ಮಡಿಸಿಟ್ಟು ನೆಟ್ಟಗೆ ಕೂತರು. ಸಾಮಾನು ಹೋಗ್ತಿದೆ ಅಂತ ಯಾರನ್ನೂ ಹೊಡೀಬಾರದು, ಟಿವಿ ಇನ್ನೊಂದು ತರಬಹುದು ಅಂದರು. ಓಡಿಹೋಗುವವನ ಬೆನ್ನಿಗಂತೂ ಹೊಡೆಯಲೇಬಾರದಂತೆ. ಜೀವ ತೆಗೆಯೋಕೇ ಮೈಮೇಲೆ ಬಂದ, ಹಿಂದೆ ಮಗು ಇದೆ, ಒಳಗೆ ಹೋಗಿ ಹಾಕಿಕೊಳ್ಳೋಕೆ ಇನ್ನೊಂದು ಬಾಗಿಲಿಲ್ಲ, ಆಗ ಹೊಡೀಲಿ, ಹೊಡೆದು ಕೊರಗೋದೂ ಬೇಡ ಅಂದರು. ಅದಕ್ಕೂ ಮೊದಲು ಯಾರು ಅಂತ ಕೂಗಿ ಕೇಳಬೇಕಂತೆ, ಮುಖ ಅಲ್ಲ, ಕೈ ನೋಡಬೇಕಂತೆ. ಅವರ ಮಾತಿನಲ್ಲಿ ಒಂದಕ್ಷರ ತಪ್ಪಿಲ್ಲ, ಪುಟ್ಟಿ. ಆದರೂ ಬಂದೂಕು ನಿನಗೆ ಬರುವುದಿಲ್ಲ. ಯಾಕೆ, ಕೇಳು.

ಹೋದ ಭಾನುವಾರ ನಿನ್ನ ತಮ್ಮ ಬಂದ. ಹೌದು, ಅವನೇ. ಅಪ್ಪ ಕೊಡಿಸಿದ ಕೆಲಸಕ್ಕೆ ಕೈಮುಗಿದು ಲಾರಿ ಓಡಿಸಲು ಹೋದ ಮೇಲೆ ಇಬ್ಬರೂ ಮಾತು ಬಿಟ್ಟಿದ್ದರಲ್ಲ. ಮುಂಬಾಗಿಲಿಗೆ ಬರಲು ಮುಖವಿಲ್ಲದೆ ಹಿತ್ತಲಿಂದ ಬಂದಿದ್ದ. ಪಾತ್ರೆ ತೊಳೆಯುತ್ತಿದ್ದವಳು ಅವನನ್ನು ಕಂಡು ಹಾಗೇ ಎದ್ದುಬಿಟ್ಟೆ. ಚಿಕ್ಕವನಿದ್ದಾಗ ಮಂಚದ ಕೆಳಗೆ ಕೂತು ಕದ್ದ ಸಕ್ಕರೆ ಮುಕ್ಕುತ್ತಿದ್ದ ದಿನಗಳಿಂದ ನನಗೆ ಅವನು ಕಳ್ಳನೇ. ಸಂತೋಷ ತಡೆಯದೆ, ರೀ, ಕಳ್ಳ ಬಂದ, ಕಳ್ಳ ಬಂದ ಎಂದು ಕೂಗಿಬಿಟ್ಟೆ.

ನಿಮ್ಮಪ್ಪ ಮುಂದಿನ ಕೋಣೆಯಲ್ಲಿ ತೂಕಡಿಸುತ್ತಿದ್ದರು. ನಿನ್ನ ಕಾಗದ ಬಂದಾಗಿನಿಂದ ಅವರ ತಲೆ ತುಂಬ ಕಳ್ಳರೇ. ಬಂದೂಕಿಗೆ ಗುಂಡು ತುಂಬಿ ಕುರ್ಚಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಅದನ್ನು ಹಿಡಿದೇ ಎದ್ದು ಬಂದರು. ಇವನ ಹಿಂದೆ ಹಿತ್ತಲ ಬಿಸಿಲು, ಮುಖ ಕಾಣದು. ಯಾರದು ಎಂದು ಗದರಿದರು. ಅಪ್ಪನಿಗೆ ಇನ್ನೂ ಇಷ್ಟು ಸಿಟ್ಟಾ, ನನಗೇ ಬಂದೂಕು ಹಿಡಿದರಾ ಅಂದುಕೊಂಡು ಇವನು ಕಂಬದ ಹಾಗೆ ನಿಂತನಂತೆ. ನಮ್ಮ ಮಗ ಕಣ್ರೀ ಎಂದು ನಾನು ಕೂಗುವ ಮೊದಲೇ ಅವರು ಬಂದೂಕು ಎತ್ತಿ ಗುರಿ ಹಿಡಿದಿದ್ದರು.

ಆಮೇಲೆ ಬಂದೂಕು ಕೆಳಗಿಳಿಯಿತು. ನಿನ್ನ ಕೈ ನೋಡಿ ಗುರುತು ಹಿಡಿದೆ ಕಣೋ, ಯಾವ ಕಳ್ಳ ಚಪ್ಪಲಿ ಕೈಲಿ ಹಿಡ್ಕೊಂಡು ನಿಲ್ತಾನೆ ಅಂದರು. ಅಷ್ಟು ಸಾಕಾಯಿತು ಅವನಿಗೆ, ಅಪ್ಪನ ಹೆಗಲ ಮೇಲೆ ಬಿದ್ದು ಮಗುವಿನ ಹಾಗೆ ಅತ್ತ. ನಿನ್ನೆಯವರೆಗೂ ಇದ್ದ. ಅಪ್ಪನನ್ನು ಲಾರಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ. ಇವರು ಹಾರ್ನ್ ಬೇರೆ ಹೊಡೆದರಂತೆ.

ಬಂದೂಕನ್ನು ಸೋಮವಾರವೇ ಠಾಣೆಗೆ ಒಪ್ಪಿಸಿ ಬಂದರು. ನೀನು ಬಾಗಿಲಿಗೆ ಗಟ್ಟಿ ಚಿಲಕ ಹಾಕಿಸು, ಪಕ್ಕದ ಮನೆಯವರ ಜೊತೆ ಜಗಳ ಬಿಟ್ಟು ನಂಬರ್ ಇಸಿದುಕೋ. ಅಳಿಯಂದಿರು ನಿನ್ನ ನಿದ್ದೆ ಕೆಡಬಾರದೆಂದು ಪಾಳಿ ಮುಗಿಸಿ ಬೆಕ್ಕಿನ ಹಾಗೆ ಒಳಗೆ ಬರುವವರು. ಇನ್ನು ಮೇಲೆ ಹೊರಗೇ ನಿಂತು ಕೂಗಲಿ, ನಿದ್ದೆ ಕೆಟ್ಟರೆ ಕೆಡಲಿ.

ಸದಾ ನಿನ್ನದೇ ಧ್ಯಾನದಲ್ಲಿರುವ,
ಅಮ್ಮ

ತಾ.ಕ.: ಇದನ್ನು ತಮ್ಮನಿಗೆ ಯಾವತ್ತೂ ಹೇಳಬೇಡ. ನಿಮ್ಮಪ್ಪ ಕೈ ನೋಡಿರಲಿಲ್ಲ. ಬಂದೂಕಿನ ಕುದುರೆ ಎಳೆದೇಬಿಟ್ಟಿದ್ದರು. ಟಕ್ ಎಂದಿದ್ದು ನನ್ನ ಕಿವಿಗೆ ಬಿತ್ತು. ಅವರು ಗುಂಡು ತುಂಬಿದ ದಿನವೇ ನಾನು ಹೆದರಿ, ಆ ಗುಂಡುಗಳನ್ನು ಕದ್ದು ತೆಗೆದು, ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟಿದ್ದೆ. ಅವರು ಕೇಳಿಲ್ಲ, ನಾನೂ ಹೇಳಿಲ್ಲ. ನಿನ್ನೆ ಮಗನ ಲಾರಿ ತಿರುವು ದಾಟಿದ ಮೇಲೆ ಒಳಗೆ ಬಂದು, ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.