ಸಕ್ಕರೆ ಪುಸ್ತಕದಲ್ಲಿ ಸುಳ್ಳಿರಲಿಲ್ಲ

ಮನೆ, ಹೊಲಿಗೆ ಯಂತ್ರದ ಪಕ್ಕ
ಸೋಮವಾರ, ಹನ್ನೆರಡನೇ ತಾರೀಖು

ಪ್ರೀತಿಯ ಗುಂಡನಿಗೆ,

ಕೋಪ ನೆತ್ತಿಗೇರಿದ್ದರೂ ಪ್ರೀತಿಯ ಎಂದೇ ಬರೆದಿದ್ದೇನೆ, ಅದನ್ನು ಮೊದಲು ಗಮನಿಸು. ನಿನ್ನ ಸೊಂಟದ ನೋವು ಹೇಗಿದೆ? ಸೇತುವೆಯ ಮೇಲೆ ಗಾಳಿ ಜೋರು ಎಂದಿದ್ದೆ, ಕಿವಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ವೆಲ್ಡಿಂಗ್ ಮಾಡುವಾಗ ಸೆಕೆ ಎಂದು ಕನ್ನಡಕ ತೆಗೆಯಬೇಡ. ನನ್ನ ಮಂಡಿ ಮೆಟ್ಟಿಲು ಕಂಡರೆ ಎಂದಿನಂತೆ ಗೊಣಗುತ್ತದೆ, ಉಳಿದಂತೆ ಗಟ್ಟಿಯಾಗಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಪತ್ರ. ನಿಮ್ಮ ಕ್ರೇನ್ ಓಡಿಸುವವನು ರಜೆ ಮುಗಿಸಿ ಇವತ್ತು ಹೊರಡುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಮುಗಿಸುವ ತನಕ ಬೇರೆ ಕೆಲಸ ಮುಟ್ಟಬೇಡ.

ಶುಕ್ರವಾರ ಫೋನಿನಲ್ಲಿ ನಿನ್ನ ಹೆಂಡತಿಯನ್ನು ಏನೆಂದು ಕೇಳಿದೆ? "ಕದ್ದುಮುಚ್ಚಿ ಸಿಹಿ ತಿಂತಿದ್ದೀಯಾ, ನಿಜ ಹೇಳು" ಅಂದೆಯಂತೆ. ಅವಳು ಫೋನನ್ನು ನನ್ನ ಕೈಗಿಟ್ಟು, ತುಂಬಿದ ಹೊಟ್ಟೆ ಹೊತ್ತುಕೊಂಡು ಹೋಗಿ ಶಾಲೆಯ ಅಂಗಿಗಳಿಗೆ ಗುಂಡಿ ಹಚ್ಚುತ್ತಾ ಕುಳಿತಳು. ಹನ್ನೊಂದು ಅಂಗಿ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಅವತ್ತಿನಿಂದ ನಿನ್ನ ಕರೆ ಬಂದರೆ ಫೋನನ್ನು ಮಗುಚಿಡುತ್ತಾಳೆ. ನಾನಾಗಿದ್ದರೆ ಅದನ್ನು ನೀರಿನ ಬಕೆಟ್ಟಿಗೆ ಹಾಕುತ್ತಿದ್ದೆ. ಯಾರು ಏನೇ ಕಿವಿಯೂದಿರಲಿ, ನಿನ್ನ ಬುದ್ಧಿ ಎಲ್ಲಿ ಹೋಗಿತ್ತು?

ಬಸುರಿನ ಸಕ್ಕರೆ ಕಾಯಿಲೆ ಎಂದು ಆರನೇ ತಿಂಗಳಲ್ಲಿ ಗೊತ್ತಾಯಿತಲ್ಲ, ಆ ದಿನದಿಂದ ಅವಳು ಬಾಳಿದ ರೀತಿ ನೀನು ಕಂಡಿಲ್ಲ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಮ್ಮೆ, ಪ್ರತಿ ಊಟವಾಗಿ ಎರಡು ಗಂಟೆಗೆ ಒಮ್ಮೆ, ಹೀಗೆ ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ರಕ್ತ ನೋಡಿ ಪುಸ್ತಕದಲ್ಲಿ ಬರೆಯಬೇಕು. ಮೂವತ್ತು ವರ್ಷ ಸೂಜಿ ಹಿಡಿದ ನನ್ನ ಬೆರಳುಗಳೂ ಅಷ್ಟು ತೂತಾಗಿಲ್ಲ. ಅನ್ನವನ್ನು ಬಟ್ಟಲಿನಲ್ಲಿ ಅಳೆದು ತಿಂದಳು. ಹಣ್ಣಿನ ಅಂಗಡಿ ಬಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದಳು. ಪುಸ್ತಕದಲ್ಲಿ ಒಂದು ಅಂಕಿಯೂ ಗೆರೆ ದಾಟಿಲ್ಲ ಎಂದಲ್ಲ, ಎರಡು ಸಲ ದಾಟಿದೆ. ಆ ಎರಡನ್ನೂ ಅವಳೇ ಕೆಂಪು ಶಾಯಿಯಲ್ಲಿ ಬರೆದಿದ್ದಾಳೆ. ಕದಿಯುವವಳು ಕೆಂಪು ಶಾಯಿ ಹುಡುಕಿಕೊಂಡು ಹೋಗುತ್ತಾಳೇನೋ?

ಗುರುವಾರ ಸ್ಕ್ಯಾನ್ ಇತ್ತು. ಯಂತ್ರದವಳು ಮಗುವಿನ ಹೊಟ್ಟೆಯ ಸುತ್ತ ಒಂದು ಗೆರೆ ಎಳೆದು ಅಳತೆ ತೆಗೆದಳು. ಈ ತಿಂಗಳಿಗೆ ಇರಬೇಕಾದ್ದಕ್ಕಿಂತ ಬಹಳ ದೊಡ್ಡದು, ಆಗಲೇ ನಾಲ್ಕು ಕಿಲೋ ಹತ್ತಿರ ಎಂದಳು. ದೊಡ್ಡ ಡಾಕ್ಟರು ಪುಸ್ತಕವನ್ನು ಹೆಬ್ಬೆರಳಿನಿಂದ ಸರ್ರನೆ ತಿರುವಿ, ಓದದೆಯೇ ಮೇಜಿನ ಮೇಲೆ ಹಾಕಿದರು. "ಮಗು ನೋಡಿದ್ರೆ ಈ ಲೆಕ್ಕ ನಂಬೋ ಹಾಗಿಲ್ಲ. ನಿಜ ಬರೀಬೇಕಮ್ಮ" ಅಂದರು. ಹೊರಗೆ ಬೆಂಚಿನಲ್ಲಿದ್ದವರಿಗೆಲ್ಲ ಕೇಳಿಸಿತು. ಇವಳು ಪುಸ್ತಕ ಎತ್ತಿಕೊಂಡು ಧೂಳಿಲ್ಲದಿದ್ದರೂ ಸೆರಗಿನಿಂದ ಒರೆಸಿದಳು. ಮನೆಗೆ ಬಂದರೆ ಕೆಳಮನೆಯಾಕೆ ಮಾತ್ರ ಮೆಟ್ಟಿಲಲ್ಲೇ ತಡೆದು "ಒಳ್ಳೇದೇ ಆಯ್ತು, ಪೈಲ್ವಾನ್ ಬರ್ತಾನೆ" ಎಂದಳು.

ಪೈಲ್ವಾನನ್ನು ಹೆರುವುದು ಏನೆಂದು ನನ್ನನ್ನು ಕೇಳಲಿ. ನೀನು ಹುಟ್ಟಿದಾಗ ನಾಲ್ಕೂಕಾಲು ಕಿಲೋ. ನೋಡಿದವರೆಲ್ಲ ಹಿಗ್ಗಿ ಗುಂಡ ಎಂದು ಕರೆದರು. ತಲೆ ಬಂದ ಮೇಲೆ ಭುಜ ಸಿಕ್ಕಿಹಾಕಿಕೊಂಡು, ನಿನ್ನ ಮೈ ನೀಲಿಯಾಗಿ, ಎಳೆದ ಬಲಗೈ ಐದು ತಿಂಗಳು ಜೋತುಬಿದ್ದಿತ್ತು ಎಂಬುದನ್ನು ಯಾರೂ ಹಾಡಿ ಹೊಗಳಲಿಲ್ಲ. ಆ ಕಾಲದಲ್ಲಿ ನನ್ನ ರಕ್ತವನ್ನು ಯಾರು ನೋಡಿದ್ದರು? ಅದಕ್ಕೇ ನನಗೆ ಹೆದರಿಕೆ. ಬೈಗುಳ ಹೋಗಲಿ, ಕಾರಣ ಬೇರೆ ಏನೋ ಇದ್ದು ಇವರೆಲ್ಲ ಇವಳ ಬಾಯನ್ನೇ ನೋಡುತ್ತಾ ಕುಳಿತರೆ ಮಗುವಿನ ಗತಿ ಏನು?

ಶನಿವಾರ ಪುಸ್ತಕ, ರಕ್ತ ನೋಡುವ ಯಂತ್ರ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಇವಳೊಂದಿಗೆ ಮತ್ತೆ ಹೋದೆ. ಸರದಿ ಮುಗಿದಿದೆ, ನಾಳಿದ್ದು ಬನ್ನಿ ಎಂದು ಚೀಟಿ ಕೊಡುವವನು ಎರಡು ಸಲ ಹೇಳಿದ. ಬೆಂಚು ಬಿಟ್ಟು ಏಳಲಿಲ್ಲ. ಕೊನೆಗೆ ಒಬ್ಬಳು ಚಿಕ್ಕ ಡಾಕ್ಟರು ಒಳಗೆ ಕರೆದಳು. ಯಂತ್ರದ ನೆನಪಿನಲ್ಲಿ ಎಲ್ಲ ಅಂಕಿಗಳೂ ಉಳಿದಿರುತ್ತವಂತೆ. ಒತ್ತಿ ಒತ್ತಿ ಪುಸ್ತಕದೊಂದಿಗೆ ತಾಳೆ ನೋಡಿದಳು. ಒಂದೂ ತಪ್ಪಿರಲಿಲ್ಲ. ಆಮೇಲೆ ಫೈಲನ್ನು ಮೊದಲಿನಿಂದ ತಿರುವುತ್ತಾ ಹೋಗಿ, ಹಿಂದಿನ ರಟ್ಟಿಗೆ ಅಂಟಿಕೊಂಡಂತೆ ಮಡಚಿ ಬಿದ್ದಿದ್ದ ಒಂದು ಹಾಳೆ ಬಿಡಿಸಿದಳು. ಏಳನೇ ತಿಂಗಳಲ್ಲಿ ತೆಗೆದ ರಕ್ತದ ವರದಿ. ರಕ್ತದಲ್ಲಿರುವ ಕೊಬ್ಬು, ಟ್ರೈಗ್ಲಿಸರೈಡ್ ಅಂತೆ, ಬಸುರಿಯರಲ್ಲಿ ಹೇಗೂ ಏರುತ್ತದಂತೆ, ಇವಳದ್ದು ಅದಕ್ಕಿಂತಲೂ ಬಹಳ ಮೇಲೆ ಹೋಗಿತ್ತು. ನೋಡಿದೆ ಎಂದು ಸಹಿ ಕೂಡ ಇತ್ತು. ಯಾರ ಸಹಿ ಎಂದು ಹೇಳಬೇಕಾಗಿಲ್ಲ.

"ಮಗು ಬೆಳೆಯೋದು ಸಕ್ಕರೆಯಿಂದ ಮಾತ್ರ ಅಲ್ಲಮ್ಮ, ತಾಯಿ ರಕ್ತದ ಕೊಬ್ಬೂ ಹೋಗಿ ಸೇರುತ್ತೆ. ಸಕ್ಕರೆ ಹದದಲ್ಲಿದ್ರೂ ಮಗು ದಪ್ಪ ಆಗಬಹುದು. ಇದೇ ಕಾರಣ ಅಂತ ಖಡಾಖಂಡಿತ ಹೇಳೋಕಾಗಲ್ಲ, ಆದ್ರೆ ಇವರು ಸುಳ್ಳು ಬರೆದಿಲ್ಲ" ಎಂದಳು ಆ ಹುಡುಗಿ. ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿಸಿದೆ. ಎದೆಯ ಅಳತೆ ಒಂದನ್ನೇ ತೆಗೆದುಕೊಂಡು ಯಾವ ದರ್ಜಿಯಾದರೂ ಕೋಟು ಕತ್ತರಿಸುತ್ತಾನೆಯೇ? ಕತ್ತರಿಸಿ, ತೋಳು ಬಿಗಿಯಾದರೆ ತೊಟ್ಟವನನ್ನು ಬೈಯುತ್ತಾನೆಯೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ಇವರು ಕೈಯಲ್ಲಿದ್ದ ಹಾಳೆಯನ್ನೇ ನೋಡಿರಲಿಲ್ಲ. ದೊಡ್ಡ ಡಾಕ್ಟರು ವಿಷಯ ಕೇಳಿ "ಹೌದಾ, ಸರಿ" ಅಂದರು. ಅಷ್ಟೇ. ತಪ್ಪಾಯಿತು ಎನ್ನಲು ಅವರ ನಾಲಿಗೆಗೆ ಏನು ಗಂಟು ಬಿದ್ದಿತ್ತೋ.

ಮಗು ಇನ್ನೂ ದೊಡ್ಡದಾಗುವ ಮೊದಲೇ, ಬರುವ ಶುಕ್ರವಾರ ಬೆಳಗ್ಗೆ ಎಂಟಕ್ಕೆ ನೋವು ಬರಿಸುತ್ತಾರಂತೆ. ಭುಜದ ಕಥೆಯನ್ನು ಚಿಕ್ಕ ಡಾಕ್ಟರಿಗೆ ಹೇಳಿದ್ದೇನೆ, ಬರೆದುಕೊಂಡಿದ್ದಾಳೆ, ತಾನೂ ಇರುತ್ತೇನೆ ಎಂದಿದ್ದಾಳೆ. ನಿಮ್ಮ ಮೇಸ್ತ್ರಿಗೆ ಹೇಳಿ ಗುರುವಾರ ರಾತ್ರಿಯೊಳಗೆ ಇಲ್ಲಿರು. ಮೊದಲು ಹೊಲಿದ ಎಳೆಕೂಸಿನ ಅಂಗಿಗಳನ್ನು ಬಿಚ್ಚಿ, ಅಗಲವಾಗಲೆಂದು ಬಗಲಿಗೆ ಪಟ್ಟಿ ಕೊಡುತ್ತಿದ್ದೇನೆ. ನಿನ್ನ ಮೈ, ಕೆಲಸ ಎರಡೂ ಚೆನ್ನಾಗಿರಲಿ, ಎತ್ತರದಲ್ಲಿ ಕಾಲು ಗಟ್ಟಿ ನಿಲ್ಲಲಿ. ಕ್ರೇನಿನವನಿಗೆ ಊಟ ಹಾಕಿಯೇ ಕಳಿಸುತ್ತಿದ್ದೇನೆ.

ಇಂತಿ,
ನಿನ್ನ ಅಮ್ಮ

ಮರೆತಿದ್ದೆ. ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಕ್ರೇನಿನವನು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾನೆ. ಗುರುವಾರ ಸಂಜೆ ನಿನಗೆ ಫೋನ್ ಮಾಡಿ "ಇವಳ ಮೇಲೆ ನನಗೂ ಅನುಮಾನ ಕಣೋ" ಎಂದವಳು ನಾನೇ, ನಿನಗದು ಗೊತ್ತೇ ಇದೆ. ಗೊತ್ತಿಲ್ಲದ್ದು ಇನ್ನೊಂದಿದೆ. ಕಾಯಿಲೆ ಗೊತ್ತಾದಾಗ ಇಬ್ಬರೂ ಸಕ್ಕರೆ ಬಿಟ್ಟೆವಲ್ಲ, ಅವತ್ತೇ ನಾನು ಬಟ್ಟೆಗೆ ಗುರುತು ಹಾಕುವ ಮೇಣದ ಬಳಪದಿಂದ ಸಕ್ಕರೆಯ ಗಾಜಿನ ಡಬ್ಬಿಯ ಮೇಲೆ, ಸಕ್ಕರೆ ಇದ್ದ ಮಟ್ಟಕ್ಕೆ, ಸಣ್ಣ ಗೆರೆ ಎಳೆದಿಟ್ಟಿದ್ದೆ. ದಿನವೂ ನೋಡುತ್ತಿದ್ದೆ. ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ, ಮೂರು ತಿಂಗಳು ಬಾಯಿ ಬಿಡಲಿಲ್ಲ. ನಿನ್ನೆ ಅವಳ ಮುಂದೆ ನಿಂತು ತಪ್ಪಾಯಿತು ಎಂದೆ, ಗೆರೆ ಒರೆಸಲು ಹೋದೆ. "ಒರೆಸ್ಬೇಡಿ ಅತ್ತೆ. ನಿಮ್ಮ ಮಗ ಬಂದು ನೋಡ್ಲಿ" ಎಂದಳು. ಬಂದು ನೋಡು. ಸಕ್ಕರೆ ಆ ಗೆರೆಯಿಂದ ಒಂದು ಕಾಳೂ ಇಳಿದಿಲ್ಲ.