ಮುಂದಿನ ವರ್ಷವೂ ಹೀಗೇನಾ

ವಾಸಾ, ವಿಸ್ಕಾನ್ಸಿನ್
ಫೆಬ್ರವರಿ ೧೧

ಪ್ರೀತಿಯ ಗಾವ್ನು ಅಕ್ಕಾ,

ಚೆನ್ನಾಗಿದ್ದೀಯಾ? ಭಾವನ ಬೆನ್ನುನೋವು ಹೇಗಿದೆ? ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಬೈದುಬಿಡು. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ. ಕೋಳಿ ಕಾರ್ಖಾನೆಯ ಕೆಲಸವನ್ನೂ ಬಿಟ್ಟೆ. ಸ್ಕೂಲು ಬಿಟ್ಟಾಗ ಕೇಳಿದ್ದನ್ನೇ ಅಮ್ಮ ಮತ್ತೆ ಕೇಳಿದಳು: "ಕಾಲಿಗೇನು ಚಕ್ರ ಕಟ್ಕೊಂಡಿದ್ದೀಯೇನೇ?"

ತಮ್ಮ ಫೆಂಗ್‌ನ ತಪಾಸಣೆ ಮುಗಿಯಿತು. ಇದರಲ್ಲಿ ಅರ್ಹರೆಂದಾದ ಮಕ್ಕಳನ್ನು ನೋಡಿಕೊಳ್ಳಲು ದಿನವೂ ಒಬ್ಬರು ಬರುತ್ತಾರೆ. ಡಿಸೆಂಬರಿನಲ್ಲಿ ಬರಿಗಾಲಲ್ಲಿ ಹಿಮ ತುಳಿದುಕೊಂಡು ನದಿಯವರೆಗೂ ಹೋಗಿದ್ದನಲ್ಲ, ಅಂದಿನಿಂದ ಅಮ್ಮ ತನ್ನ ಸೊಂಟದ ಪಟ್ಟಿಯ ತುದಿಯನ್ನು ಅವನ ಅಂಗಿಗೆ ಗಂಟುಹಾಕಿಕೊಂಡೇ ಮಲಗುತ್ತಾಳೆ. ಒಂಬತ್ತು ವರ್ಷದವನನ್ನು ಇನ್ನೆಷ್ಟು ದಿನ ಹೀಗೆ ಹಿಡಿದಿಟ್ಟಾಳು?

ತಪಾಸಣೆಗೆ ಕೌಂಟಿ ಕಚೇರಿಯಿಂದ ಜೋಲೀನ್ ಎಂಬ ಹೆಂಗಸು ಬಂದಿದ್ದಳು. ನಮ್ಮ ಮ್ಹಾಂಗ್ ಭಾಷೆಯ ದುಭಾಷಿಯನ್ನು ಅಮ್ಮ ಬೇಡವೆಂದಳು. "ಆ ವಾಂಗ್‌ ಮನೆಯವನಾ? ಇಲ್ಲಿ ಕೇಳಿದ್ದು ಸಂಜೆಯೊಳಗೆ ನಮ್ಮ ಹದಿನೆಂಟು ಕುಲಕ್ಕೂ ಗೊತ್ತಾಗುತ್ತೆ." ಹಾಗಾಗಿ ದುಭಾಷಿಯಾಗಿ ನಾನೇ ಕೂತೆ.

"ಅವನೇ ಊಟ ಮಾಡ್ತಾನಾ?" ಎಂದು ಜೋಲೀನ್ ಕೇಳಿದಳು.

"ಮಾಡ್ತಾನೆ."

"ಬಟ್ಟೆ?"

"ಅವನೇ ಹಾಕ್ಕೋತಾನೆ," ಎಂದಳು ಅಮ್ಮ, ಅವನ ಅಂಗಿಯ ಗುಂಡಿ ಹಾಕುತ್ತಾ! ಮನೆಗೆ ಬಂದವರೆದುರು ಮಗುವನ್ನು ಬಿಟ್ಟುಕೊಡಬಾರದು ನೋಡು. ಅಮ್ಮ ಹೇಳಿದ್ದನ್ನು ಜೋಲೀನ್‌ಗೆ ಹಾಗೇ ಹೇಳಿ, "ನಾನು ಕಂಡಿದ್ದು ಬೇರೆ," ಎಂದೂ ಸೇರಿಸಿದೆ.

"ಅಯ್ಯೋ, ಇಬ್ಬರಲ್ಲಿ ಯಾರ ಮಾತು ಬರೀಲಿ?" ಎಂದು ಜೋಲೀನ್ ನಕ್ಕಳು. ಆಮೇಲೆ ಆ ಪ್ರಶ್ನೆ ಬಂತು. "ಇನ್ನೊಂದು ವರ್ಷವಾದರೂ ಇವನು ಹೀಗೇ ಇರ್ತಾನಾ?"

"ಬಿಡ್ತು ಅನ್ನು ಅವಳಿಗೆ! ಹೊಸವರ್ಷದ ಹೊತ್ತಿಗೆ ಸರಿಹೋಗ್ತಾನೆ," ಎಂದಳು ಅಮ್ಮ.

ಇನ್ನೂ ಆಗದ ಕೇಡನ್ನು ಬಾಯಲ್ಲಿ ಹೇಳುವುದೆಂದರೆ ನಮ್ಮಲ್ಲಿ ಅದನ್ನು ಕರೆದಂತೆ. ಆದರೆ ವರ್ಷದೊಳಗೆ ಸರಿಹೋಗುವುದಾದರೆ ಈ ನೆರವಿಲ್ಲ ಎಂದು ಜೋಲೀನ್ ಮೊದಲೇ ಹೇಳಿದ್ದಳು. ನಾನು ಇಂಗ್ಲಿಷಿನಲ್ಲಿ, "ಯಾವಾಗಲೂ ಹೀಗೇ ಇರ್ತಾನೆ, ಡಾಕ್ಟರೂ ಅದನ್ನೇ ಹೇಳಿದ್ದಾರೆ," ಎಂದೆ. ಅವಳು ಟೈಪು ಮಾಡಿಕೊಂಡಳು. ಏನಂದೆ ಎಂದು ಅಮ್ಮ ಕೇಳಿದಳು. ನನಗೆ ಸುಳ್ಳು ಬರುವುದಿಲ್ಲ. ಹೇಳಿಬಿಟ್ಟೆ.

ಮರುದಿನ ಅಮ್ಮ ಬಾಗಿಲಲ್ಲಿ ಮೊಟ್ಟೆ, ಅಕ್ಕಿ ಇಟ್ಟು, ದಾರಿತಪ್ಪಿದ ಆತ್ಮವನ್ನು ಮನೆಗೆ ಕರೆಸಿದಳು. ಫೆಂಗ್‌ಗೆ ಅಂದುಕೊಂಡಿದ್ದೆ. ಬಿಳಿ ದಾರ ಕಟ್ಟಿದ್ದು ನನ್ನ ಕೈಗೆ. "ನಿನ್ನ ಆತ್ಮಾನೇ ಎಲ್ಲೋ ತಪ್ಪಿಸ್ಕೊಂಡಿದೆ. ಇಲ್ದಿದ್ರೆ ಆ ಮಾತು ನಿನ್ ಬಾಯಲ್ಲಿ ಹೇಗೆ ಬರುತ್ತೆ?" ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಸೋಮವಾರ ಕಾಗದ ಬಂತು. ಫೆಂಗ್ ಅರ್ಹ. ಅಮ್ಮನ ಸಹಿಯೊಂದೇ ಬಾಕಿ. ಅವಳು ಪೆನ್ನು ಮುಟ್ಟುವುದಿಲ್ಲ. ಸಹಿ ಹಾಕಿದರೆ ಹೌದು ಎಂದಂತಾಗುತ್ತದಲ್ಲ. ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದಾಳೆ ಜೋಲೀನ್. ನಾನೇ ಗೀಚಿಬಿಡಬಹುದು, ಯಾರಿಗೂ ತಿಳಿಯದು. ಕೈ ಬರುತ್ತಿಲ್ಲ. ನೀನಾದರೂ ಅಮ್ಮನಿಗೆ ಒಂದು ಮಾತು ಹೇಳುತ್ತೀಯಾ? ಏನು ಹೇಳಬೇಕೆಂದು ನನಗೂ ಗೊತ್ತಿಲ್ಲ.

ನಿನ್ನ ಹೊಟ್ಟೆಯಲ್ಲಿರುವ ಕೂಸು ಸುಖವಾಗಿ ಬರಲಿ, ನಿಮ್ಮ ಮನೆ ತಣ್ಣಗಿರಲಿ.

ನಿನ್ನ ತಂಗಿ,
ಕಬಾವ್

ತಾ.ಕ.: ಅಕ್ಕಾ, ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅಮ್ಮ ನನ್ನನ್ನು ಏನೂ ಕೇಳಿರಲಿಲ್ಲ. ಜೋಲೀನ್‌ಗೆ ಹೇಳಿದ್ದು ಹೇಳಿಯಾಗಿತ್ತು, ಅಲ್ಲಿಗೇ ಮುಗಿಯುತ್ತಿತ್ತು. ನಾನೇ ಅಮ್ಮನ ಕಡೆ ತಿರುಗಿ, ಅದನ್ನೇ ನಮ್ಮ ಭಾಷೆಯಲ್ಲಿ ಹೇಳಿದೆ. ಅವಳು ತಲೆ ಎತ್ತಲಿಲ್ಲ. ಇನ್ನೊಮ್ಮೆ ಹೇಳಿದೆ, ಗಟ್ಟಿಯಾಗಿ.