ಮಾಮಾ ಅಪೂರ್ವಾ

ಮೊಹಮ್ಮದ್ ಬಿನ್ ಜಾಯೆದ್ ಸಿಟಿ, ಅಬುಧಾಬಿ
೧೨ ಡಿಸೆಂಬರ್ ೨೦೨೫

ಪ್ರೀತಿಯ ಅಭಿಜೀತ ಅವರಿಗೆ,

ನಮಸ್ಕಾರ. ಹೆಸರು ಹಿಡಿದು ಬರೆದೆನೆಂದು ಅತ್ತೆಗೆ ಹೇಳಬೇಡಿ; ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ಸವೆಯುತ್ತದೆಂದು ಅವರು ಇಂದಿಗೂ ನಂಬಿದ್ದಾರೆ. ದಾರ್ ಎಸ್ ಸಲಾಮಿನ ಸೆಕೆ ಹೇಗಿದೆ? ಗಂಟಲು ನೋವು ಕಡಿಮೆಯಾಯಿತೇ? ಸೈಟಿನಲ್ಲಿ ಐಸ್ ನೀರು ಕುಡಿಯಬೇಡಿ ಎಂದರೆ ನೀವು ಕೇಳುವವರಲ್ಲ. ಅಲ್ಲಿ ಜೋಳದ ಹಿಟ್ಟು ಸಿಗುತ್ತದೆ ಎಂದಿದ್ದಿರಿ. ರೊಟ್ಟಿ ಬಡಿಯಲು ಬಾರದವರಿಗೆ ಹಿಟ್ಟು ಸಿಕ್ಕರೇನು, ಬಿಟ್ಟರೇನು. ನಾನು ಇಲ್ಲಿ ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ ಏಳುತ್ತೇನೆ, ಸ್ನಾನ ಮಾಡುತ್ತೇನೆ, ಅನ್ನಕ್ಕಿಡುತ್ತೇನೆ. ಅಳು ಬರುವುದಿಲ್ಲ. ಮೊದಮೊದಲು ಅದಕ್ಕೆ ಹೆದರಿಕೆಯಾಗುತ್ತಿತ್ತು, ಈಗ ಅದೂ ಆಗುವುದಿಲ್ಲ.

ಕಂಪನಿ ನಿಮ್ಮನ್ನು ಅಲ್ಲಿಗೆ ಕಳಿಸಿದಾಗಿನಿಂದ ನಿಮ್ಮದು ಒಂದೇ ಮಾತು: ವಿಲ್ಲಾದ ಬಾಡಿಗೆ ಕರಾರು ಹೇಗೂ ಮುಗಿಯುತ್ತದೆ, ಬಂದುಬಿಡು, ಇಲ್ಲಿ ನಮ್ಮನ್ನು ಬಲ್ಲವರಿಲ್ಲ, ಯಾರೂ ಏನೂ ಕೇಳುವುದಿಲ್ಲ. ಫೆಬ್ರವರಿಯಲ್ಲಿ ಆ ಜ್ವರ ನಮ್ಮ ಅಪೂರ್ವಾಳನ್ನು ಕೊಂಡುಹೋಯಿತು. ಅಂದಿನಿಂದ ನಿಮ್ಮ ಬಾಯಲ್ಲಿ ಮಗಳ ಹೆಸರು ಒಮ್ಮೆಯೂ ಬಂದಿಲ್ಲ. ಫೋನಿನಲ್ಲಿ ನಾನು ಅವಳ ಹೆಸರೆತ್ತಿದ ಕೂಡಲೇ ನಿಮ್ಮ ನೆಟ್‌ವರ್ಕ್ ಹೋಗುತ್ತದೆ. ಆಫ್ರಿಕಾದ ಟವರುಗಳಿಗೆ ಇಷ್ಟು ಬುದ್ಧಿಯಿದೆ ಎಂದು ನನಗೆ ಗೊತ್ತಿರಲಿಲ್ಲ. ಅದಕ್ಕೇ ಈ ಪತ್ರ. ಇದನ್ನು ತರುವವಳು ಸೌದಾ, ನಮ್ಮ ಹುಡುಗಿಯ ಸ್ಕೂಲ್ ಬಸ್ಸಿನಲ್ಲಿ ಮಕ್ಕಳನ್ನು ಕೈಹಿಡಿದು ಹತ್ತಿಸಿ ಇಳಿಸುತ್ತಿದ್ದ ಎತ್ತರದ ಹೆಂಗಸು. ನೀವು ನೋಡಿದ್ದೀರಿ. ಅವಳ ಊರೂ ದಾರ್ ಎಸ್ ಸಲಾಮ್, ಶಾಲೆಯ ರಜೆಗೆ ಹೊರಟಿದ್ದಾಳೆ.

ಇಂಗ್ಲಿಷ್ ಬಲ್ಲವರಿಗಾಗಿ ಮಾಡಿದ ಸ್ವಾಹಿಲಿ ಪಾಠವೊಂದನ್ನು ನೀವು ಕಳಿಸಿದ್ದಿರಲ್ಲ, ಅದನ್ನು ಅವಳಿಗೆ ತೋರಿಸಿದೆ. ಬೆಲೆ ಎಷ್ಟು, ಬಿಲ್ ಕೊಡಿ, ವಿಮಾನ ನಿಲ್ದಾಣ ಎಲ್ಲಿದೆ. ಇದನ್ನು ಕಲಿತರೆ ಬಂದ ದಿನವೇ ವಾಪಸು ಹೋಗಬಹುದು ಎಂದು ನಕ್ಕಳು. ನಮಸ್ಕಾರಕ್ಕೆ ಜಾಂಬೋ ಎನ್ನುವುದೂ ಟೂರಿಸ್ಟರಿಗೆ ಮಾತ್ರವಂತೆ. ಆಮೇಲೆ ಶನಿವಾರ ಮಧ್ಯಾಹ್ನ ಬಂದು ತಾನೇ ಕಲಿಸತೊಡಗಿದಳು. ಎದುರಾದವರಿಗೆ ಹಬಾರಿ, ಏನು ಸುದ್ದಿ ಎಂದು. ಅದಕ್ಕೆ ನ್ಜೂರಿ, ಒಳ್ಳೆಯದು ಎನ್ನಬೇಕು. ತಲೆಯ ಮೇಲೆ ಗುಡ್ಡ ಬಿದ್ದಿದ್ದರೂ ಮೊದಲು ನ್ಜೂರಿ, ಗುಡ್ಡದ ಸುದ್ದಿ ಆಮೇಲೆ. ‘ನಾವು ಕ್ಷೇಮ’ ಎಂದು ಪತ್ರ ಶುರು ಮಾಡುವ ನಮ್ಮಂಥವರಿಗೆ ಇದನ್ನು ಕಲಿಸಬೇಕೇ? ಹಿರಿಯರಿಗೆ ಶಿಕಾಮೋ, ಕಾಲು ಹಿಡಿದೆ ಎಂದಂತೆ. ಅವರು ಮರಹಬಾ ಎಂದು ಒಪ್ಪಿಸಿಕೊಳ್ಳಬೇಕು. ಅತ್ತೆಗೆ ಆ ದೇಶ ಹಿಡಿಸುತ್ತದೆ ಬಿಡಿ. ಇನ್ನು ಪೋಲೆ. ಎಡವಿದವರಿಗೆ, ಜ್ವರ ಬಂದವರಿಗೆ, ಭಾರ ಹೊತ್ತವರಿಗೆ, ಸಾವಿನ ಮನೆಯವರಿಗೆ, ಎಲ್ಲರಿಗೂ ಅದೊಂದೇ ಮಾತು. ಅಯ್ಯೋ ನಿನಗೆ ಹೀಗಾಯಿತಲ್ಲ ಎನ್ನುವುದಷ್ಟೇ ಅದರ ಅರ್ಥ.

ಅವಳು ಮೊದಲ ದಿನದಿಂದಲೂ ನನ್ನನ್ನು ಮಾಮಾ ಅಪೂರ್ವಾ ಎಂದೇ ಕರೆಯುವುದು. ಅವರಲ್ಲಿ ಮಾಮಾ ಎಂದರೆ ತಾಯಿ. ಅಂದು ನಮ್ಮ ಹುಡುಗಿ ಬಸ್ಸಿನ ಮೆಟ್ಟಿಲ ಮೇಲೆಯೇ ಹೊಟ್ಟೆ ಹಿಡಿದು ನಕ್ಕಿದ್ದಳು: ‘ಮಮ್ಮೀ, ಆಂಟಿ ನಿನ್ನ ಮಾಮಾ ಮಾಡ್ಯಾಳ, ಇನ್ನ ನಿನಗ ಮೀಸಿ ಬರ್ತಾವ!’ ಮಗುವಾದ ಮೇಲೆ ಹಿರಿಯ ಮಗುವಿನ ಹೆಸರಿನಿಂದಲೇ ತಾಯಿಯನ್ನು ಕರೆಯುತ್ತಾರಂತೆ. ತಂದೆಗೂ ಹಾಗೆಯೇ, ಬಾಬಾ ಇಂಥವರು ಎಂದು. ಇಲ್ಲಿಯೂ ನಾನು ಎಲ್ಲರಿಗೂ ಅಪೂರ್ವಾ ಮಮ್ಮಿಯೇ ಆಗಿದ್ದೆ. ಈಗ ಮಧು ಮೇಡಂ. ಬಸ್ಸಿನ ತಾಯಂದಿರ ವಾಟ್ಸಾಪ್ ಗ್ರೂಪಿನಿಂದ ನನ್ನನ್ನು ತೆಗೆದುಬಿಟ್ಟರು, ನನಗೆ ನೋವಾಗಬಾರದೆಂದು. ಒಳ್ಳೆಯವರೇ. ಅತ್ತೆ ಫೋನು ಮಾಡಿದಾಗಲೆಲ್ಲ, ‘ನಿನ್ನ ವಯಸ್ಸೇನ್ ಹೋಗಿಲ್ಲವಾ, ಇನ್ನೊಂದು ಆಗ್ತದ ತಗೋ’ ಎನ್ನುತ್ತಾರೆ. ಅವರೂ ಒಳ್ಳೆಯವರೇ. ಸೌದಾ ಮಾತ್ರ ಫೆಬ್ರವರಿಯಲ್ಲಿ ಸುದ್ದಿ ಕೇಳಿದ ದಿನವೇ ಬಾಗಿಲಿಗೆ ಬಂದು, ‘ಪೋಲೆ, ಮಾಮಾ ಅಪೂರ್ವಾ’ ಎಂದವಳು ಸಂಜೆಯವರೆಗೆ ನನ್ನ ಪಕ್ಕ ನೆಲದ ಮೇಲೆ ಕುಳಿತಿದ್ದಳು. ಮೊನ್ನೆ ಅವಳನ್ನು ಕೇಳಿದೆ, ನಾನು ನಿಮ್ಮೂರಿಗೆ ಬಂದರೆ ನನ್ನನ್ನು ಏನೆಂದು ಕರೆಯುತ್ತಾರೆ, ಈಗ ಮಗು ಇಲ್ಲವಲ್ಲ ಎಂದು. ತಲೆಕೆಟ್ಟವಳನ್ನು ನೋಡುವ ಹಾಗೆ ನೋಡಿದಳು. ‘ಮಾಮಾ ಅಪೂರ್ವಾ. ದಟ್ ಈಸ್ ಯುವರ್ ನೇಮ್. ಖಲಾಸ್’ ಎಂದು ಚಹಾ ಕುಡಿದಳು.

ಹಾಗಾಗಿ ನೀವು ಹೇಳುವ ಆ ಯಾರೂ ಏನೂ ಕೇಳದ ಊರು ಅಲ್ಲಿಲ್ಲ. ಬಂದ ದಿನವೇ ಪಕ್ಕದ ಮನೆಯಾಕೆ ನೀನು ಯಾರ ತಾಯಿ ಎಂದು ಕೇಳುತ್ತಾಳೆ. ನಾನು ಹೇಳುತ್ತೇನೆ. ನೀವು ನಡುವೆ ಬಾಯಿ ಹಾಕಿ ನಮಗೆ ಮಕ್ಕಳಿಲ್ಲ ಎಂದರೆ ನಾನು ಆ ಮನೆಯಲ್ಲಿ ಇರಲಾರೆ. ಜಗಳವಾಡುವುದಿಲ್ಲ, ಅಷ್ಟು ತ್ರಾಣವೂ ಇಲ್ಲ. ಸುಮ್ಮನೆ ಧಾರವಾಡಕ್ಕೆ ಹೋಗಿ ಅಪ್ಪನ ಮನೆಯಲ್ಲಿ ಇದ್ದುಬಿಡುತ್ತೇನೆ. ನಿಮ್ಮ ಮೇಲೆ ಸಿಟ್ಟಿಲ್ಲ. ಮಗಳ ಹೆಸರು ಬಾಯಿಗೆ ಬಂದರೆ ಕುಸಿದುಬೀಳುತ್ತೇನೆ ಎಂಬ ಅಂಜಿಕೆ ನಿಮಗೆ, ಗೊತ್ತು. ನಾನು ದಿನವೂ ಅವಳ ಕೋಣೆಯ ಪರದೆ ಸರಿಸುತ್ತ ಹೆಸರು ಹೇಳುತ್ತೇನೆ. ಏನೂ ಆಗುವುದಿಲ್ಲ. ಏನೂ ಆಗುವುದಿಲ್ಲ ಎಂಬುದೇ ನನ್ನ ಕಷ್ಟ. ಒಬ್ಬಳೇ ಹೇಳಿದರೆ ಅದು ಗೋಡೆಗೆ ಹೇಳಿದಂತೆ. ನನ್ನ ಜೊತೆ ನೀವೂ ಹೇಳಬೇಕು.

ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ, ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿಡಿ. ರಾತ್ರಿ ಸೊಳ್ಳೆಪರದೆ ಕಟ್ಟಿಕೊಂಡೇ ಮಲಗಿ. ಬನಶಂಕರಿ ನಿಮ್ಮನ್ನು ಕಾಯಲಿ.

ನಿಮ್ಮ
ಮಧುಮತಿ

ತಾ.ಕ.: ಟ್ಯಾಕ್ಸಿ ಬಂದಿದೆ, ಸೌದಾ ಬಾಗಿಲಲ್ಲಿ ಯಲ್ಲಾ ಯಲ್ಲಾ ಎಂದು ಅವಸರ ಮಾಡುತ್ತಿದ್ದಾಳೆ. ಬರೆದು ಮುಗಿಸಿದ ಮೇಲೆ ಹೊಳೆದು ಅವಳಿಗೆ ಒಂದು ಮಾತು ಹೇಳಿದ್ದೇನೆ. ನಿಮ್ಮ ಸೈಟಿನ ಗೇಟಿನಲ್ಲಿ ನಿಂತು ಅವಳು ನಿಮ್ಮನ್ನು ಬಾಬಾ ಅಪೂರ್ವಾ ಎಂದು ಕೂಗುತ್ತಾಳೆ. ಓಗೊಟ್ಟರೆ ಮಾತ್ರ ಪತ್ರ ಕೊಡು, ಇಲ್ಲವಾದರೆ ವಾಪಸು ತಾ ಎಂದಿದ್ದೇನೆ. ನೀವು ಇದನ್ನು ಓದುತ್ತಿದ್ದೀರಿ. ಟಿಕೆಟ್ ಮಾಡಿಸಿ, ಬರುತ್ತೇನೆ.